ಒರಿಜಿನ್/ಹೆಡ್: ಸರ್ವರಿನ ಮುಖ್ಯ ಬ್ರಾಂಚ್ ಗಿಟ್‌ಗೆ ಗೊತ್ತಾಗುವ ಬಗೆ

ಒಂದೇ ಕಡತವನ್ನು ಹಲವರು ತಿದ್ದುವಾಗ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಚರಿತ್ರೆಯನ್ನು ಕಾಯುವುದು ಆವೃತ್ತಿ ನಿಯಂತ್ರಣ ತಂತ್ರಾಂಶದ ಕೆಲಸ. ಇವುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಬರೆಯತೊಡಗಿದರು. ಕಡತಗಳೂ ಅವುಗಳ ಚರಿತ್ರೆಯೂ ಕೂಡಿದ್ದು ರೆಪೊ. ದಾಖಲಾದ ಪ್ರತಿ ಬದಲಾವಣೆ ಒಂದು ಕಮಿಟ್. ಒಂದು ಕಮಿಟ್‌ನತ್ತ ಬೆರಳು ತೋರುತ್ತ, ಹೊಸ ಕಮಿಟ್ ಸೇರಿದಾಗ ತಾನೂ ಮುಂದೆ ಸರಿಯುವ ಹೆಸರು ಬ್ರಾಂಚ್.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಊರುಹೆಸರುಗಳನ್ನು ಕನ್ನಡದಲ್ಲಿ ಬರೆದಿಡುವ ರೆಪೊವೊಂದು ಸರ್ವರಿನಲ್ಲಿದೆ ಎಂದಿಟ್ಟುಕೊಳ್ಳಬಹುದು. ಇಂಥ ಪಟ್ಟಿಗೆ ತಿದ್ದುಪಡಿ ಮುಗಿಯುವುದೇ ಇಲ್ಲ. ಶಿರಾ ಎಂದೂ ಸಿರಾ ಎಂದೂ ಬರೆಯುವವರಿದ್ದಾರೆ. ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದ ಪಾವಗಡದ ಕಡೆ ಕನ್ನಡದ ರೂಪದ ಜೊತೆಗೆ ತೆಲುಗಿನ ರೂಪವೂ ಜನರ ಬಾಯಲ್ಲಿದೆ. ತಾಲ್ಲೂಕಿಗೊಂದು ಬ್ರಾಂಚಿನಲ್ಲಿ ತಿದ್ದುಪಡಿ ನಡೆದು, ಒಪ್ಪಿಗೆಯಾದದ್ದು ಮುಖ್ಯ ಬ್ರಾಂಚಿಗೆ ಸೇರುತ್ತದೆ. ಹೊಸಬರು ಕ್ಲೋನ್ ಮಾಡಿದಾಗ, ಅಂದರೆ ರೆಪೊವನ್ನು ಚರಿತ್ರೆಯ ಸಮೇತ ತಮ್ಮ ಕಂಪ್ಯೂಟರಿಗೆ ನಕಲಿಸಿಕೊಂಡಾಗ, ತೆರೆದುಕೊಳ್ಳಬೇಕಾದದ್ದು ಆ ಮುಖ್ಯ ಬ್ರಾಂಚ್. ಇರುವ ಐದು ಬ್ರಾಂಚುಗಳಲ್ಲಿ ಅದು ಯಾವುದು ಎಂಬುದನ್ನು ಗಿಟ್‌ಗೆ ಯಾರಾದರೂ ಹೇಳಬೇಕು.

ಹೇಳುವುದು ಸರ್ವರಿನ ರೆಪೊದಲ್ಲಿರುವ ‘ಹೆಡ್’ ಎಂಬ ಪುಟ್ಟ ಕಡತ. ಅದರಲ್ಲಿರುವುದು ಒಂದೇ ಸಾಲು, ಒಂದು ಬ್ರಾಂಚಿನ ಹೆಸರು. ‘ಮಾಸ್ಟರ್’ ಅಥವಾ ‘ಮೇನ್’ ಎಂಬ ಹೆಸರಿಗೆ ಸ್ವಂತ ಅಧಿಕಾರವೇನೂ ಇಲ್ಲ. ಹೆಡ್ ತೋರಿದ್ದೇ ಮುಖ್ಯ ಬ್ರಾಂಚ್. ಗಿಟ್‌ಹಬ್‌ನಂಥ ತಾಣದ ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಬ್ರಾಂಚ್ ಬದಲಿಸಿದರೆ ಬದಲಾಗುವುದು ಈ ಸಾಲೇ.

ಸರ್ವರ್ ಈ ಹೆಸರನ್ನು ಮೊದಲಿನಿಂದಲೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಡ್ ಯಾವ ಕಮಿಟ್‌ನಲ್ಲಿ ನಿಂತಿದೆ ಎಂಬುದಷ್ಟೇ ತಂತಿಯಲ್ಲಿ ಬರುತ್ತಿತ್ತು. ಅದೇ ಕಮಿಟ್‌ನಲ್ಲಿರುವ ಬ್ರಾಂಚನ್ನು ಹುಡುಕಿ ಗಿಟ್ ಊಹೆ ಮಾಡುತ್ತಿತ್ತು. ಕೊರಟಗೆರೆಯ ಬ್ರಾಂಚೂ ಮುಖ್ಯ ಬ್ರಾಂಚೂ ಒಂದೇ ಕಮಿಟ್‌ನಲ್ಲಿ ನಿಂತ ದಿನ ಊಹೆ ತಪ್ಪಬಹುದಿತ್ತು. ಹಾಗೆ ಗೊಂದಲವಾದಾಗ ‘ಮಾಸ್ಟರ್’ಗೆ ಮೊದಲ ಮಣೆ. ಹೆಸರನ್ನೇ ಕಳಿಸುವ ಏರ್ಪಾಡು 2013ರಲ್ಲಿ ಬಂತು. ಹೊಸ ರೆಪೊಗಳಿಗೆ ಗಿಟ್‌ಹಬ್ 2020ರ ಅಕ್ಟೋಬರ್ 1ರಿಂದ ‘ಮೇನ್’ ಎಂದು ಹೆಸರಿಡತೊಡಗಿದಾಗ ಈ ಏರ್ಪಾಡಿನ ಬೆಲೆ ಎದ್ದು ಕಂಡಿತು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕ್ಲೋನ್ ಆದಾಗ ಸರ್ವರಿನ ಉತ್ತರವನ್ನು ಗಿಟ್ ತನ್ನಲ್ಲಿ ‘ಒರಿಜಿನ್/ಹೆಡ್’ ಎಂಬ ಹೆಸರಿನಲ್ಲಿ ಬರೆದಿಟ್ಟುಕೊಳ್ಳುತ್ತದೆ; ‘ಒರಿಜಿನ್’ ಎಂಬುದು ಕ್ಲೋನ್ ಮಾಡಿದ ಸರ್ವರಿನ ರೆಪೊಗೆ ಗಿಟ್ ಇಡುವ ಹೆಸರು. ಹೀಗೆ ಹೆಡ್ ಎಂಬ ಹೆಸರಿನ ಸಂಗತಿಗಳು ಮೂರಾಗುತ್ತವೆ: ಸರ್ವರಿನ ಹೆಡ್, ಬಳಕೆದಾರರ ಕಂಪ್ಯೂಟರಿನಲ್ಲಿ ಈಗ ಯಾವ ಬ್ರಾಂಚ್ ತೆರೆದಿದೆ ಎಂದು ಹೇಳುವ ಹೆಡ್, ಮತ್ತು ಈ ಒರಿಜಿನ್/ಹೆಡ್. ಮೂರನೆಯದನ್ನು ಸರ್ವರಿಗೆ ತೆರೆದ ಕಿಟಕಿ ಎಂದು ನಂಬುವುದೇ ಎಲ್ಲ ಗೊಂದಲದ ಬೇರು. ಅದು ಪಹಣಿಯ ನಕಲಿನಂತೆ: ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾದರೂ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪಹಣಿಯಲ್ಲಿ ಹಳೆಯ ಹೆಸರೇ ಇರುತ್ತದೆ.

ಊರುಹೆಸರಿನ ರೆಪೊದಲ್ಲಿ ‘ಮಾಸ್ಟರ್’ ತೆಗೆದು ‘ಮೇನ್’ ಅನ್ನು ಮುಖ್ಯವಾಗಿಸಿದರೆ ಪಾವಗಡದಲ್ಲಿ ಕೂತು ಫೆಚ್ ಮಾಡಿದವರಿಗೆ, ಅಂದರೆ ಸರ್ವರಿನಲ್ಲಿ ಹೊಸದಾಗಿ ಸೇರಿದ್ದನ್ನು ತರಿಸಿಕೊಂಡವರಿಗೆ, ಒರಿಜಿನ್/ಮೇನ್ ಬಂದು ಸೇರುತ್ತದೆ. ಒರಿಜಿನ್/ಹೆಡ್ ಮಾತ್ರ ಇನ್ನೂ ಒರಿಜಿನ್/ಮಾಸ್ಟರ್ ಅನ್ನೇ ತೋರುತ್ತದೆ. ಸರ್ವರಿನಲ್ಲಿ ಇಲ್ಲವಾದ ಬ್ರಾಂಚುಗಳನ್ನು ಪ್ರೂನ್ ಮಾಡಿ ಅಳಿಸಿದರೆ ಒರಿಜಿನ್/ಹೆಡ್ ಗಾಳಿಯಲ್ಲಿ ತೂಗುತ್ತಿದೆ ಎಂದು ಗಿಟ್ ಎಚ್ಚರಿಸುತ್ತದೆ. ಪ್ರೂನ್ ಮಾಡದಿದ್ದರೆ ಎಚ್ಚರಿಕೆಯೂ ಇಲ್ಲ, ಅಪಾಯ ಹೆಚ್ಚಿರುವುದು ಅಲ್ಲೇ. ‘ಗಿಟ್ ಡಿಫ್ ಒರಿಜಿನ್’ ಎಂದು ಬರೆದಾಗ ಬರಿಯ ‘ಒರಿಜಿನ್’ ಎಂಬುದನ್ನು ಗಿಟ್ ಒರಿಜಿನ್/ಹೆಡ್ ಎಂದೇ ಬಿಡಿಸಿಕೊಳ್ಳುತ್ತದೆ. ಹೋಲಿಕೆ ನಡೆಯುವುದು ಯಾವತ್ತೋ ನಿಂತುಹೋದ ಪಟ್ಟಿಯ ಜೊತೆ. ಪರದೆಯ ಮೇಲೆ ತಪ್ಪಿನ ಸುಳಿವೇ ಇರುವುದಿಲ್ಲ.

ಸರ್ವರಿನ ಬದಲಾವಣೆಗಳನ್ನು ತಂದು ಬೆರೆಸುವ ಪುಲ್ ಮತ್ತು ನಮ್ಮವನ್ನು ಅಲ್ಲಿಗೆ ಕಳಿಸುವ ಪುಶ್ ಒರಿಜಿನ್/ಹೆಡ್ ಗುರುತನ್ನು ನೋಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಪ್ರತಿ ಸ್ಥಳೀಯ ಬ್ರಾಂಚಿಗೆ ತನ್ನದೇ ಅಪ್‌ಸ್ಟ್ರೀಮ್, ಅಂದರೆ ಅದು ಹಿಂಬಾಲಿಸುವ ಸರ್ವರಿನ ಬ್ರಾಂಚ್, ಇರಬಹುದು. ಒರಿಜಿನ್/ಹೆಡ್ ಸರಿಪಡಿಸಿದ ಮಾತ್ರಕ್ಕೆ ಹಳೆಯ ಬ್ರಾಂಚ್ ಹೊಸದರ ಹಿಂದೆ ಹೋಗುವುದಿಲ್ಲ. ಅದರ ಅಪ್‌ಸ್ಟ್ರೀಮನ್ನು ಬೇರೆಯಾಗಿಯೇ ಬದಲಿಸಬೇಕು.

ಸರಿಪಡಿಸುವ ಆಜ್ಞೆ ‘ಗಿಟ್ ರಿಮೋಟ್ ಸೆಟ್-ಹೆಡ್ ಒರಿಜಿನ್ --ಆಟೋ’. ಇದು ಸರ್ವರನ್ನು ಕೇಳಿ ಉತ್ತರವನ್ನು ಬರೆದುಕೊಳ್ಳುತ್ತದೆ. ‘--ಆಟೋ’ ಬದಲು ಬ್ರಾಂಚಿನ ಹೆಸರನ್ನೇ ಕೊಟ್ಟರೆ ಸರ್ವರನ್ನು ಕೇಳುವುದೇ ಇಲ್ಲ, ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಏನನ್ನೂ ಬದಲಿಸದೆ ಕೇಳಿ ನೋಡಲು ‘ಗಿಟ್ ಎಲ್ಎಸ್-ರಿಮೋಟ್ --ಸಿಮ್‌ರೆಫ್ ಒರಿಜಿನ್ ಹೆಡ್’ ಇದೆ. ಒರಿಜಿನ್ ಎಂಬಲ್ಲಿ ಯಾವುದೇ ಸಾರ್ವಜನಿಕ ರೆಪೊದ ವಿಳಾಸ ಕೊಟ್ಟರೂ ನಡೆಯುತ್ತದೆ. ಕ್ಲೋನ್ ಬೇಕಿಲ್ಲ, ಅನುಮತಿಯೂ ಬೇಕಿಲ್ಲ. ಮುಕ್ತ ಪರವಾನಗಿಯ ಗುಬ್ಬಿ, ನವಿಲು ಕನ್ನಡ ಅಕ್ಷರಶೈಲಿಗಳ ರೆಪೊಗಳನ್ನೇ ಹೀಗೆ ಕೇಳಿ ನೋಡಬಹುದು. ಸರ್ವರ್ ಕೊಡುವ ಆ ಉತ್ತರವನ್ನು ಕಣ್ಣಾರೆ ಕಂಡವರಿಗೆ ಮೂರು ಹೆಡ್‌ಗಳ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ.

ಇಷ್ಟು ವರ್ಷ ಈ ಕೆಲಸ ಬಳಕೆದಾರರದೇ ಆಗಿತ್ತು. 2025ರ ಜನವರಿಯಲ್ಲಿ ಬಂದ ಗಿಟ್ 2.48ರಿಂದ, ಒರಿಜಿನ್/ಹೆಡ್ ಇಲ್ಲದಿದ್ದರೆ ಫೆಚ್ ಅದನ್ನು ತಾನೇ ಹುಟ್ಟಿಸುತ್ತದೆ. ಈಗಾಗಲೇ ಇದ್ದರೆ ಮುಟ್ಟುವುದಿಲ್ಲ, ಏಕೆಂದರೆ ಬಳಕೆದಾರರು ಅದನ್ನು ಬೇಕೆಂದೇ ಬೇರೆಡೆಗೆ ತಿರುಗಿಸಿರಬಹುದು. ಈ ನಡತೆಯನ್ನು ಬದಲಿಸಲು ‘ಫಾಲೋ-ರಿಮೋಟ್-ಹೆಡ್’ ಎಂಬ ಸೆಟ್ಟಿಂಗ್ ಕೂಡ ಬಂದಿದೆ. ಅದಕ್ಕೆ ‘ಆಲ್ವೇಸ್’ ಎಂದರೆ ಪ್ರತಿ ಫೆಚ್‌ಗೂ ಗುರುತು ಸರ್ವರಿನೊಂದಿಗೆ ಸರಿಹೊಂದುತ್ತದೆ, ‘ವಾರ್ನ್’ ಎಂದರೆ ವ್ಯತ್ಯಾಸ ಕಂಡಾಗ ತಿಳಿಸುವುದಷ್ಟೇ, ‘ನೆವರ್’ ಎಂದರೆ ಫೆಚ್ ಅದರ ತಂಟೆಗೇ ಹೋಗುವುದಿಲ್ಲ. ಹಲವರು ಸೇರಿ ತಿದ್ದುವ ರೆಪೊಗೆ ‘ವಾರ್ನ್’ ಒಳ್ಳೆಯ ಆಯ್ಕೆ: ಮುಖ್ಯ ಬ್ರಾಂಚ್ ಬದಲಾದ ಸುದ್ದಿ ಮುಂದಿನ ಫೆಚ್‌ನಲ್ಲೇ ಹಾಗೆ ಇಟ್ಟುಕೊಂಡ ಎಲ್ಲರಿಗೂ ತಲುಪುತ್ತದೆ, ಹಳೆಯ ಹೆಸರನ್ನು ನೆಚ್ಚಿದ ಸ್ಕ್ರಿಪ್ಟುಗಳನ್ನು ತಿದ್ದಲು ಅವಕಾಶವೂ ಸಿಗುತ್ತದೆ.