ಬೆಚ್ಚಗಿನ ಗ್ಯಾರೇಜು, ಮೈನಸ್ ಇಪ್ಪತ್ತರ ಬಯಲು: ಏರ್ ಶಾಕ್ ಬಗ್ಗೆ ನಾವು ನಂಬಿರುವುದೆಷ್ಟು, ನಿಜವೆಷ್ಟು?

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಯ ಪಕ್ಕದಲ್ಲಿ ರೋಸೋ ಎಂಬ ಪುಟ್ಟ ಊರಿದೆ. ಪೊಲಾರಿಸ್ ಸ್ನೋಮೊಬೈಲ್ ಹುಟ್ಟಿದ್ದು ಅಲ್ಲಿ. ತುಸು ದಕ್ಷಿಣಕ್ಕೆ ಇಳಿದರೆ ಆರ್ಕ್ಟಿಕ್ ಕ್ಯಾಟ್‌ನ ತವರಾದ ಥೀಫ್ ರಿವರ್ ಫಾಲ್ಸ್ ಸಿಗುತ್ತದೆ. ನಮ್ಮೂರುಗಳಲ್ಲಿ ಮುಂಗಾರಿಗೆ ಮೊದಲು ನೇಗಿಲು, ಕುಂಟೆ ಸರಿಮಾಡಿಕೊಳ್ಳುವ ಹಾಗೆ ಈ ಸೀಮೆಯ ಜನ ಮೊದಲ ಹಿಮ ಬೀಳುವ ಮುಂಚೆ ಗ್ಯಾರೇಜಿನಲ್ಲಿ ಸ್ನೋಮೊಬೈಲ್ ಎದುರು ಕೂರುತ್ತಾರೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಕೆಲವರಿಗೆ ಈ ಗೀಳು ಹತ್ತಿದೆ, ನನಗೂ ಹತ್ತಿದೆ.

ಗಾಡಿಯ ರಚನೆ ಸರಳ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಉದ್ದನೆಯ ಟ್ರ್ಯಾಕ್. ಸ್ಕೀಗೊಂದರಂತೆ ಎರಡು ಶಾಕ್ ಅಬ್ಸಾರ್ಬರ್, ಟ್ರ್ಯಾಕ್‌ನ ಒಳಗೆ ಮುಂದೊಂದು ಹಿಂದೊಂದು. ಕಂಪನಿಯಿಂದ ಬರುವಾಗ ಹೆಚ್ಚಿನ ಗಾಡಿಗಳಲ್ಲಿ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಅದನ್ನು ತೆಗೆದು ಫಾಕ್ಸ್ ಫ್ಲೋಟ್‌ನಂಥ ಏರ್ ಶಾಕ್ ಕೊಂಡು ಹಾಕುವವರು ಬಹಳ. ಮುಂಭಾಗದ ತೂಕ ಕೆಲವು ಕಿಲೋ ಇಳಿಯುತ್ತದೆ, ಸ್ಪ್ರಿಂಗ್ ಬದಲಿಸದೆಯೇ ಗಡಸುತನ ಬದಲಿಸಬಹುದು. ಇಷ್ಟು ಒಳ್ಳೆಯ ಸಾಮಾನಿನ ಸುತ್ತ ಇಷ್ಟೊಂದು ತಪ್ಪು ತಿಳಿವಳಿಕೆ ಬೆಳೆದಿರುವುದು ನನಗೆ ಬೇಸರ ತರುತ್ತದೆ. ದುಬಾರಿ ಶಾಕ್ ಹಾಕಿಸಿ, ತಪ್ಪಾಗಿ ಸೆಟ್ ಮಾಡಿ, "ಹಳೆಯದೇ ವಾಸಿಯಿತ್ತು" ಎಂದು ಮಾರಿಬಿಟ್ಟವರನ್ನು ನಾನು ಕಂಡಿದ್ದೇನೆ.

"ಹೊಡೆತ ನುಂಗುವುದು ಗಾಳಿ. ಗಾಳಿ ಹೆಚ್ಚಾದಷ್ಟೂ ಹೊಡೆತ ಕಮ್ಮಿ."

ಉಳಿದ ತಪ್ಪುಗಳಿಗೆಲ್ಲ ಇದೇ ಬೇರು. ಏರ್ ಶಾಕ್‌ನೊಳಗಿನ ಗಾಳಿ ಮಾಡುವುದು ಸ್ಪ್ರಿಂಗ್‌ನ ಕೆಲಸವನ್ನು ಮಾತ್ರ. ಅದು ಗಾಡಿಯ ಭಾರ ಹೊರುತ್ತದೆ, ಅದುಮಿದಾಗ ತಿರುಗಿ ತಳ್ಳುತ್ತದೆ. ಉಬ್ಬಿಗೆ ಬಡಿದ ಶಕ್ತಿಯನ್ನು ಕರಗಿಸುವುದು ಎಣ್ಣೆ. ಒಳಗಿನ ಪಿಸ್ಟನ್‌ನ ಸಣ್ಣ ತೂತುಗಳ ಮೂಲಕ, ತೆಳು ಉಕ್ಕಿನ ಬಿಲ್ಲೆಗಳನ್ನು ಬಾಗಿಸಿಕೊಂಡು ಎಣ್ಣೆ ತೂರುವಾಗ ಆ ಶಕ್ತಿ ಬಿಸಿಯಾಗಿ ಹೊರಟುಹೋಗುತ್ತದೆ. ಓಡಿಸಿ ನಿಲ್ಲಿಸಿದ ಕೂಡಲೇ ಶಾಕ್ ಮುಟ್ಟಿದರೆ ಬೆಚ್ಚಗಿರುವುದು ಇದೇ ಕಾರಣಕ್ಕೆ.

ಗಾಡಿ ಉಬ್ಬಿನಿಂದ ಉಬ್ಬಿಗೆ ಚೆಂಡಿನಂತೆ ಪುಟಿಯುತ್ತಿದೆ ಅನ್ನಿ. ಪಂಪ್ ಹಿಡಿದು ಗಾಳಿ ಏರಿಸಿದರೆ ತಿರುಗಿ ತಳ್ಳುವ ಬಲ ಇನ್ನೂ ಹೆಚ್ಚಿ, ಪುಟಿತವೂ ಹೆಚ್ಚುತ್ತದೆ. ನೋಡಬೇಕಾದದ್ದು ಶಾಕ್ ತಿರುಗಿ ಚಾಚಿಕೊಳ್ಳುವ ವೇಗವನ್ನು ಹಿಡಿದಿಡುವ ರಿಬೌಂಡ್ ಗುಂಡಿಯನ್ನು, ಅದಿಲ್ಲದ ಶಾಕ್ ಆದರೆ ಎಣ್ಣೆಯ ಸ್ಥಿತಿಯನ್ನು.

"ನಿನ್ನದಕ್ಕೆ ಎಷ್ಟು ಹಾಕಿದೀಯ ಗುರು? ನಾನೂ ಅಷ್ಟೇ ಹಾಕ್ತೀನಿ."

ಬೈಕಿನ ಟೈರಿಗೆ ಮುಂದೆ ಇಷ್ಟು, ಹಿಂದೆ ಇಷ್ಟು ಎಂದು ಹೇಳಿ ಅಭ್ಯಾಸವಾದ ನಮಗೆ ಈ ಪ್ರಶ್ನೆ ಸಹಜವೆನಿಸುತ್ತದೆ. ಸ್ಕೀ ಶಾಕ್‌ಗಳು ಸಾಮಾನ್ಯವಾಗಿ 50ರಿಂದ 100 ಪಿಎಸ್‌ಐ ನಡುವೆ ಎಲ್ಲೋ ಓಡುತ್ತವೆ, ಕಂಪನಿ ಕೊಡುವ ಕೋಷ್ಟಕವೂ ಒಂದು ಆರಂಭದ ಅಂಕಿ ಹೇಳುತ್ತದೆ. ಆದರೆ ಅದು ಆರಂಭ ಅಷ್ಟೆ. 60 ಕಿಲೋ ತೂಗುವವರಿಗೂ 95 ಕಿಲೋ ತೂಗುವವರಿಗೂ, ಸಮತಟ್ಟು ಹಾದಿಗೂ ಆಳದ ಪುಡಿಹಿಮಕ್ಕೂ ಒಂದೇ ಅಂಕಿ ಒಗ್ಗುವುದಿಲ್ಲ.

ಅಂಕಿ ಸರಿಯೋ ತಪ್ಪೋ ಹೇಳುವುದು ಸ್ಯಾಗ್, ಅಂದರೆ ಸವಾರ ಕೂತಾಗ ಗಾಡಿ ಎಷ್ಟು ತಗ್ಗುತ್ತದೆ ಎಂಬ ಅಳತೆ. ಗಾಡಿಯನ್ನು ಮಟ್ಟಸ ನೆಲದ ಮೇಲೆ ನಿಲ್ಲಿಸಿ. ಮುಂದಿನ ಬಂಪರ್ ಹಿಡಿದು, ಸ್ಕೀಗಳು ಇನ್ನೇನು ನೆಲ ಬಿಡುತ್ತವೆ ಅನ್ನುವವರೆಗೆ ಎತ್ತಿ, ನೆಲದಿಂದ ಬಂಪರ್‌ಗೆ ಟೇಪ್ ಹಿಡಿಯಿರಿ. ಆಮೇಲೆ ಹೆಲ್ಮೆಟ್, ಬೂಟು, ಬೆನ್ನುಚೀಲ ಸಮೇತ, ನಿಜವಾಗಿ ಸವಾರಿಗೆ ಹೋಗುವ ವೇಷದಲ್ಲೇ ಹತ್ತಿ ಕೂತು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಸ್ಯಾಗ್. ಇದರಲ್ಲೊಂದು ಸೂಕ್ಷ್ಮವಿದೆ. ಏರ್ ಶಾಕ್‌ನ ಸೀಲ್‌ಗಳು ಬಿಗಿಯಾಗಿರುವುದರಿಂದ ಅದು ಮೇಲಿನಿಂದ ಇಳಿದು ನಿಲ್ಲುವ ಜಾಗವೇ ಬೇರೆ, ಅದುಮಿ ಬಿಟ್ಟಾಗ ಎದ್ದು ನಿಲ್ಲುವ ಜಾಗವೇ ಬೇರೆ. ಎರಡನ್ನೂ ಅಳೆದು ಸರಾಸರಿ ಹಿಡಿದರೆ ಮಾತ್ರ ನಂಬಬಹುದು.

ಕಾಯಿಲ್‌ನಿಂದ ಏರ್‌ಗೆ ಬಂದವರು ಎಡವುವ ಇನ್ನೊಂದು ಜಾಗ ಇದರ ಜೊತೆಗೇ ಇದೆ. ಸಾಮಾನ್ಯ ಕಾಯಿಲ್ ಸ್ಪ್ರಿಂಗ್ ಪ್ರತಿ ಇಂಚಿಗೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬಲ ಏರಿಸುತ್ತದೆ. ಗಾಳಿಯ ಸ್ವಭಾವ ಹಾಗಲ್ಲ. ಗೇಜ್ 65 ತೋರಿಸುವಾಗ ಹೊರಗಿನ ವಾತಾವರಣದ್ದನ್ನೂ ಸೇರಿಸಿದರೆ ಒಳಗಿರುವ ನಿಜವಾದ ಒತ್ತಡ ಸುಮಾರು 80. ಶಾಕ್‌ನೊಳಗಿನ ಗಾಳಿಯ ಕೋಣೆ ಅರ್ಧಕ್ಕೆ ಕುಗ್ಗಿದಾಗ ಅದು 160, ಮೂರನೇ ಒಂದಕ್ಕೆ ಕುಗ್ಗಿದಾಗ 240. ಮೊದಲರ್ಧ ಮೆತ್ತಗೆ, ಕೊನೆಯಲ್ಲಿ ಗೋಡೆ. ಇದೇ ಏರ್ ಶಾಕ್‌ನ ಬಲವೂ ಹೌದು, ದೌರ್ಬಲ್ಯವೂ ಹೌದು. ಎತ್ತರದಿಂದ ಹಾರಿ ಬಿದ್ದಾಗ ತಳ ಬಡಿಯದಂತೆ ಕಾಯುತ್ತದೆ, ಆದರೆ ಒತ್ತಡ ಅಗತ್ಯಕ್ಕಿಂತ ಹೆಚ್ಚಿದ್ದರೆ ಕೊನೆಯ ಕೆಲವು ಇಂಚು ಪಯಣ ಎಂದೂ ಬಳಕೆಗೇ ಬರುವುದಿಲ್ಲ. ಇವೋಲ್ ಎಂಬ ಎರಡನೇ ಕೋಣೆಯಿರುವ ಫಾಕ್ಸ್ ಶಾಕ್‌ಗಳಲ್ಲಿ ಎರಡು ವಾಲ್ವ್ ಇರುವುದು ಇದಕ್ಕೇ: ಮುಖ್ಯ ಕೋಣೆ ಗಾಡಿಯ ಎತ್ತರವನ್ನೂ ಮೊದಲ ಮೆದುತನವನ್ನೂ ನೋಡಿಕೊಳ್ಳುತ್ತದೆ, ಎರಡನೆಯದು ಕೊನೆಯ ಗಡಸುತನವನ್ನು.

"ಗ್ಯಾರೇಜಿನಲ್ಲಿ ಒಮ್ಮೆ ಸೆಟ್ ಮಾಡಿದರೆ ಮುಗಿಯಿತು."

ಇದಕ್ಕೆ ನಾನೇ ಬೆಲೆ ತೆತ್ತಿದ್ದೇನೆ. ಹೀಟರ್ ಹಾಕಿದ ಗ್ಯಾರೇಜಿನಲ್ಲಿ ಅಂಗಿ ತೋಳು ಮಡಚಿ, ಎರಡೂ ಕಡೆ 65 ಪಿಎಸ್‌ಐ ಅಳೆದು ಹಾಕಿ, ಮರುದಿನ ಬೆಳಿಗ್ಗೆ ಟ್ರೇಲರ್ ಕಟ್ಟಿಕೊಂಡು ಉತ್ತರಕ್ಕೆ ಹೋದೆ. ಅಲ್ಲಿ ಮೈನಸ್ 20 ಡಿಗ್ರಿ. ಮೊದಲ ದೊಡ್ಡ ಉಬ್ಬಿಗೇ ಮುಂಭಾಗ ತಳ ಬಡಿಯಿತು. ಸೀಲ್ ಹೋಗಿದೆ, ಗಾಳಿ ಸೋರಿದೆ ಎಂದುಕೊಂಡೆ. ಸೀಲ್ ಗಟ್ಟಿಯಾಗಿಯೇ ಇತ್ತು, ಗಾಳಿ ಎಲ್ಲೂ ಹೋಗಿರಲಿಲ್ಲ.

ಮುಚ್ಚಿದ ಪಾತ್ರೆಯೊಳಗಿನ ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ ಎಂದು ನಾವೆಲ್ಲ ಪಿಯುಸಿಯಲ್ಲಿ ಓದಿದ್ದೇವೆ. ಲೆಕ್ಕ ಮಾಡುವಾಗ ಕೆಲ್ವಿನ್‌ನಲ್ಲಿ ಮಾಡಬೇಕು, ಒತ್ತಡಕ್ಕೆ ವಾತಾವರಣದ 14.7 ಅನ್ನು ಕೂಡಿಸಿಕೊಳ್ಳಬೇಕು. ಗ್ಯಾರೇಜಿನ 20 ಡಿಗ್ರಿ ಎಂದರೆ 293 ಕೆಲ್ವಿನ್, ಹೊರಗಿನ ಮೈನಸ್ 20 ಎಂದರೆ 253. ಗೇಜ್‌ನ 65ಕ್ಕೆ 14.7 ಕೂಡಿಸಿದರೆ 79.7. ಅದನ್ನು 253ರಿಂದ ಗುಣಿಸಿ 293ರಿಂದ ಭಾಗಿಸಿದರೆ 68.8, ಮತ್ತೆ 14.7 ಕಳೆದರೆ 54. ಒಂದು ಹನಿ ಗಾಳಿ ಸೋರದೆ 11 ಪಿಎಸ್‌ಐ ಮಾಯ! ಎರಡು-ಮೂರು ಪಿಎಸ್‌ಐ ವ್ಯತ್ಯಾಸವೇ ಹ್ಯಾಂಡಲ್‌ನಲ್ಲಿ ಗೊತ್ತಾಗುವಾಗ 11 ಎಂದರೆ ಗಾಡಿಯೇ ಬೇರೆ.

ಹಾಗಾಗಿ ಗಾಡಿಯನ್ನು ಹೊರಗೆ ಚಳಿಯಲ್ಲಿ ಒಂದೆರಡು ಗಂಟೆ ನಿಲ್ಲಿಸಿ, ಶಾಕ್‌ನ ಲೋಹ ಹೊರಗಿನ ಥಂಡಿಗೆ ಬಂದ ಮೇಲೆ ಪಂಪ್ ಹಚ್ಚಬೇಕು. ಬೆರಳು ಮರಗಟ್ಟಿದರೂ ಸರಿ, ಇದಕ್ಕೆ ಅಡ್ಡದಾರಿ ಇಲ್ಲ. ಗಂಟೆಗಟ್ಟಲೆ ಓಡಿಸಿದ ಕೂಡಲೇ ಅಳೆಯುವುದೂ ತಪ್ಪೇ, ಆಗ ಶಾಕ್ ಬಿಸಿಯಾಗಿ ಗೇಜ್ ಹೆಚ್ಚು ತೋರಿಸುತ್ತದೆ.

ಎತ್ತರದ ಲೆಕ್ಕವೂ ಒಂದಿದೆ. ಮಿನ್ನೆಸೋಟದವರು ಗಾಡಿ ಹೇರಿಕೊಂಡು ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ಗೆ ಹೋಗುವುದುಂಟು. ಅದು ಸಮುದ್ರಮಟ್ಟದಿಂದ 2,000 ಮೀಟರ್‌ಗಿಂತ ಮೇಲಿದೆ. ಅಲ್ಲಿ ಹೊರಗಿನ ಗಾಳಿ ಶಾಕ್ ಅನ್ನು ಒತ್ತುವುದು ಕಡಿಮೆಯಾದ್ದರಿಂದ ಅದೇ ಶಾಕ್ ಸುಮಾರು 3 ಪಿಎಸ್‌ಐ ಗಟ್ಟಿಯಾಗುತ್ತದೆ. ಚಳಿ ಇಳಿಸಿದ್ದನ್ನು ಎತ್ತರ ಒಂದಿಷ್ಟು ಏರಿಸುತ್ತದೆ. ಊರಿನ ಅಂಕಿಯನ್ನು ಬೆಟ್ಟಕ್ಕೆ ಹೊತ್ತೊಯ್ಯದೆ, ಅಲ್ಲೇ ಅಳೆದು ಹಾಕಿಕೊಳ್ಳುವುದು ಮೇಲು.

"ಪಂಪ್ ಬಿಚ್ಚುವಾಗ ಬುಸ್ ಅಂತು, ಐದು ಪಿಎಸ್‌ಐ ಹೋಯಿತು."

ಹೋಗಿಲ್ಲ. ಆ ಶಬ್ದ ಪಂಪಿನ ಕೊಳವೆಯಲ್ಲಿ ಉಳಿದ ಗಾಳಿಯದು. ಶಾಕ್ ಪಂಪ್‌ನ ಬಾಯಿ ಪೂರ್ತಿ ಕಳಚುವ ಮೊದಲೇ ವಾಲ್ವ್‌ನ ಸೂಜಿ ಮುಚ್ಚಿಕೊಂಡಿರುತ್ತದೆ. ಗಾಳಿ ಕಳೆಯುವುದು ಪಂಪ್ ಹಾಕುವಾಗ. ಖಾಲಿ ಕೊಳವೆಯನ್ನು ತುಂಬಲು ಶಾಕ್‌ನಿಂದ ಒಂದಿಷ್ಟು ಗಾಳಿ ಹೊರಬರುತ್ತದೆ, ಕೋಣೆ ಚಿಕ್ಕದಾದ್ದರಿಂದ ಗೇಜ್‌ನಲ್ಲಿ ಅದು ಎದ್ದು ಕಾಣುತ್ತದೆ. "ನೋಡಿ, ದಿನಾ ಇಳಿಯುತ್ತಿದೆ" ಎಂದು ಗಾಬರಿಯಾಗುವವರು ನೋಡುತ್ತಿರುವುದು ಇದನ್ನೇ. ಪಂಪ್ ಸಿಕ್ಕಿಸಿ, ಬೇಕಾದ ಅಂಕಿಗೆ ಏರಿಸಿ, ಬಿಚ್ಚಿ. ಹೋದೀತೆಂದು ಐದು ಹೆಚ್ಚು ಹಾಕುವುದು ಬೇಡ. ಸ್ಕೀಗಳು ನೆಲ ಬಿಟ್ಟು, ಶಾಕ್ ಪೂರ್ತಿ ಚಾಚಿಕೊಂಡಿರುವಾಗಲೇ ಅಳೆಯಬೇಕು, ಎಡಬಲ ಒಂದೇ ಇರಬೇಕು. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹತ್ತಿರ ಮಾತ್ರ ಒಯ್ಯಬೇಡಿ. ಅಷ್ಟು ಚಿಕ್ಕ ಕೋಣೆಗೆ ಅದರ ರಭಸದಲ್ಲಿ ಒಂದೆರಡು ಪಿಎಸ್‌ಐ ಲೆಕ್ಕ ಹಿಡಿಯುವುದು ಆಗದ ಮಾತು.

"ನೈಟ್ರೋಜನ್ ತುಂಬಿಸಬೇಕು."

ಬೈಕಿನ 'ಗ್ಯಾಸ್ ಶಾಕ್' ನೋಡಿ ಬೆಳೆದ ತಲೆಮಾರಿನ ಗೊಂದಲವಿದು. ಶಾಕ್‌ನೊಳಗೆ ನೈಟ್ರೋಜನ್ ಇರುವುದು ನಿಜ. ಆದರೆ ಅದರ ಜಾಗ ಬೇರೆ. ಎಣ್ಣೆ ನೊರೆಯಾಗದಂತೆ ಒತ್ತಿ ಹಿಡಿಯಲು ಒಂದು ತೇಲುವ ಪಿಸ್ಟನ್‌ನ ಹಿಂದೆ ಕಂಪನಿಯವರು ಅದನ್ನು ತುಂಬಿ ಮುಚ್ಚಿರುತ್ತಾರೆ. ಸ್ಪ್ರಿಂಗ್‌ನ ಕೋಣೆಗೆ ಬೇಕಾದದ್ದು ನಾವು ಉಸಿರಾಡುವ ಗಾಳಿಯೇ. ಅದರಲ್ಲಿ ಶೇಕಡ 78 ಹೇಗೂ ನೈಟ್ರೋಜನ್, ಚಳಿಗೆ ಎರಡೂ ಒಂದೇ ರೀತಿ ಕುಗ್ಗುತ್ತವೆ. ನೈಟ್ರೋಜನ್ ಕೋಣೆಯ ಮುಚ್ಚಳವನ್ನು ಮನೆಯಲ್ಲಿ ತೆರೆಯಲೇಬಾರದು.

"ಉದ್ದ ಸರಿಹೋದರೆ ಸಾಕು, ಇನ್ನೂ ಉದ್ದವಿದ್ದರೆ ಮತ್ತೂ ಒಳ್ಳೆಯದು."

ಹಳೆಯ ಶಾಕ್‌ನ ಎರಡು ಕಣ್ಣುಗಳ ನಡುವಿನ ಅಂತರ ಅಳೆದು, ಅಷ್ಟೇ ಉದ್ದದ್ದನ್ನು ಹುಡುಕಿ ಕೊಳ್ಳುತ್ತಾರೆ. ಅದು ಅರ್ಧ ಅಳತೆ. ಪೂರ್ತಿ ಕುಗ್ಗಿದಾಗಿನ ಉದ್ದವೂ ಹೊಂದಬೇಕು, ಇಲ್ಲವಾದರೆ ಶಾಕ್‌ಗಿಂತ ಮೊದಲು ಬೇರೆ ಯಾವುದೋ ಭಾಗ ತಳ ಬಡಿಯುತ್ತದೆ. ಬೋಲ್ಟಿನ ದಪ್ಪ, ಬುಷ್‌ನ ಅಗಲವೂ ಹೊಂದಬೇಕು. ಉದ್ದನೆಯ ಶಾಕ್ ಹಾಕಿದರೆ ಸ್ಕೀಯನ್ನು ಗಾಡಿಗೆ ಜೋಡಿಸುವ ಎ-ಆರ್ಮ್ ವಿನ್ಯಾಸ ಮೀರಿ ಕೆಳಗೆ ಜೋತುಬೀಳುತ್ತದೆ, ಬಾಲ್ ಜಾಯಿಂಟ್ ತನ್ನ ಕೊನೆ ಮುಟ್ಟಿ ಸಿಕ್ಕಿಕೊಳ್ಳುತ್ತದೆ. ಸ್ಟಿಯರಿಂಗ್ ಬಿಗಿಹಿಡಿಯುವುದು ಗಾಡಿ ಗಾಳಿಯಲ್ಲಿರುವಾಗ, ಅಂದರೆ ಅತ್ಯಂತ ಕೆಟ್ಟ ಗಳಿಗೆಯಲ್ಲಿ.

ಇನ್ನೊಂದು ವಿಷಯವನ್ನು ತುಂಬ ಜನ ಮರೆಯುತ್ತಾರೆ. ಗಾಳಿಯ ಕೋಣೆ ಹಳೆಯ ಶಾಕ್‌ನ ಮೈಗಿಂತ ದಪ್ಪ. ನೆಟ್ಟಗೆ ಕೂತಾಗ ಎಲ್ಲಕ್ಕೂ ಜಾಗವಿದ್ದಂತೆ ಕಾಣುತ್ತದೆ. ಬೋಲ್ಟು ಹಾಕಿದ ಮೇಲೆ ಗಾಳಿಯನ್ನೆಲ್ಲ ಬಿಟ್ಟು, ಸ್ಕೀಯನ್ನು ಕೈಯಿಂದ ಕೆಳಗಿನಿಂದ ಮೇಲಿನ ತುದಿಯವರೆಗೆ ಎತ್ತಿಳಿಸಿ ನೋಡಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಮತ್ತೊಮ್ಮೆ ನೋಡಿ. ಎಲ್ಲಾದರೂ ಉಜ್ಜಿದರೆ ಇಲ್ಲೇ ಸಿಕ್ಕಿಬೀಳುತ್ತದೆ. ವಾಲ್ವ್‌ಗೆ ಪಂಪ್ ಸೇರುವ ಜಾಗವಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಆಮೇಲೆ ಹೊಸ ಲಾಕ್ ನಟ್ಟು, ಟಾರ್ಕ್ ರೆಂಚ್, ಕೈಪಿಡಿಯ ಅಂಕಿ.

ಟ್ರ್ಯಾಕ್‌ನ ಹಿಂಭಾಗದ ಕಥೆ ಬೇರೆಯೇ. ಹಲವು ಗಾಡಿಗಳಲ್ಲಿ ಅಲ್ಲಿ ಭಾರ ಹೊರುವುದು ತಿರುಚಿದ ಟಾರ್ಷನ್ ಸ್ಪ್ರಿಂಗ್‌ಗಳು, ಶಾಕ್‌ಗೆ ಇರುವುದು ತಡೆಯುವ ಕೆಲಸವಷ್ಟೆ. ಅವನ್ನು ಹಾಗೇ ಬಿಟ್ಟು ಏರ್ ಶಾಕ್ ಸಿಕ್ಕಿಸಿದರೆ ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಹಾಕಿದಂತಾಗುತ್ತದೆ.

"ತಿರುವಿನಲ್ಲಿ ಸ್ಕೀ ಜಾರುತ್ತಿದೆ, ಸ್ಕೀ ಶಾಕ್‌ಗೆ ಗಾಳಿ ಹಾಕು."

ಮೊದಲು ಬಗ್ಗಿ ಸ್ಕೀಯ ಅಡಿ ನೋಡಿ. ಹಿಮವನ್ನು ಕಚ್ಚುವ ಕಾರ್ಬೈಡ್ ಅಂಚು ಸವೆದಿದ್ದರೆ ಯಾವ ಶಾಕ್ ಕೂಡ ಉಳಿಸಲಾರದು. ಅದು ಚೆನ್ನಾಗಿದ್ದರೆ ಟ್ರ್ಯಾಕ್‌ನ ಒಳಗಿನ ಮುಂದಿನ ಶಾಕ್‌ನ ಒತ್ತಡ ತುಸು ಇಳಿಸಿ. ಅದು ಗಟ್ಟಿಯಾಗಿದ್ದಷ್ಟೂ ಮೂತಿಯನ್ನು ಎತ್ತಿ ಹಿಡಿದು, ಸ್ಕೀಗಳ ಮೇಲಿನ ಭಾರ ಕಸಿಯುತ್ತದೆ. ಟ್ರ್ಯಾಕ್‌ನ ಮುಂಭಾಗ ಎಷ್ಟು ಕೆಳಗಿಳಿಯಬಹುದೆಂದು ಮಿತಿಗೊಳಿಸುವ ಲಿಮಿಟರ್ ಪಟ್ಟಿಯನ್ನು ಒಂದು ತೂತು ಬಿಗಿಗೊಳಿಸಿದರೂ ಇದೇ ಪರಿಣಾಮ. ಸ್ಕೀ ಶಾಕ್‌ಗೆ ಗಾಳಿ ತುಂಬುತ್ತಲೇ ಹೋದರೆ ಹ್ಯಾಂಡಲ್ ಭಾರವಾಗುತ್ತದೆ. ಬೆಟ್ಟದ ಓರೆಯಲ್ಲಿ ಗಾಡಿಯನ್ನು ಒಂದು ಬದಿಗೆ ವಾಲಿಸಿ ಓಡಿಸುವವರು ಸ್ಕೀ ಶಾಕ್ ಮೆತ್ತಗಿರಲಿ ಎನ್ನುವುದು ಅದಕ್ಕೇ.

"ಏರ್ ಶಾಕ್ ಅಂದರೆ ಸೋರುವುದೇ."

ಎಲ್ಲ ಗಾಳಿ ಸೀಲ್‌ಗಳೂ ತಿಂಗಳುಗಟ್ಟಲೆಯಲ್ಲಿ ಒಂದಿಷ್ಟು ಬಿಡುತ್ತವೆ, ಚಳಿಗಾಲದ ಮೊದಲ ದಿನ ಗಾಳಿ ನೋಡಿಕೊಳ್ಳುವುದು ಮಾಮೂಲು. ಎರಡು ದಿನಕ್ಕೇ ಇಳಿದರೆ ಅದು ದೋಷ. ಸೀಲ್ ಕೆಡುವುದು ಹೆಚ್ಚಾಗಿ ಕೊಳೆಯಿಂದ. ರಸ್ತೆಗೆ ಎರಚಿದ ಉಪ್ಪು ತೆರೆದ ಟ್ರೇಲರ್‌ನಲ್ಲಿ ಶಾಕ್‌ಗೆ ಮೆತ್ತಿಕೊಂಡು, ತಿಂಗಳಾನುಗಟ್ಟಲೆ ಹಾಗೇ ಉಳಿದು ಸೀಲ್ ಅನ್ನು ಕೆರೆಯುತ್ತದೆ. ಪ್ರವಾಸ ಮುಗಿದ ದಿನವೇ ನೀರು ಹಾಕಿ ತೊಳೆದರೆ, ಹಂಗಾಮಿಗೊಮ್ಮೆ ಗಾಳಿಯನ್ನೆಲ್ಲ ಬಿಟ್ಟು, ಗಾಳಿ ಕೋಣೆಯ ಹೊರಕವಚವಾದ ಸ್ಲೀವ್ ಬಿಚ್ಚಿ ಒರೆಸಿ, ಕಂಪನಿ ಹೇಳಿದ ದ್ರವ ಹಾಕಿ ಮುಚ್ಚಿದರೆ ಅವು ಬಹಳ ಕಾಲ ಬಾಳುತ್ತವೆ. ಗಾಳಿ ಬಿಟ್ಟ ಮೇಲೆ ಶಾಕ್ ಅನ್ನು ಒಮ್ಮೆ ಅದುಮಿ, ವಾಲ್ವ್‌ನ ಸೂಜಿಯನ್ನು ಮತ್ತೆ ಒತ್ತಿ, ಒಳಗೆ ಏನೂ ಉಳಿದಿಲ್ಲ ಎಂದು ಖಾತ್ರಿಯಾಗದೆ ಸ್ಲೀವ್‌ಗೆ ಕೈ ಹಚ್ಚಬಾರದು.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ನಮ್ಮ ಪಂಕ್ಚರ್ ಅಂಗಡಿಯ ವಿದ್ಯೆಯೇ ಸಾಕು. ಶಾಕ್‌ಗೆ ಗಾಳಿ ತುಂಬಿ ಸೋಪಿನ ನೀರು ಸವರಿ. ವಾಲ್ವ್‌ನ ಬಾಯಲ್ಲಿ ಗುಳ್ಳೆ ಎದ್ದರೆ ಒಳಗಿನ ಪಿನ್ನು ಸಡಿಲವಾಗಿದೆ, ತಿರುಪಿ ಬಿಗಿ ಮಾಡಿದರೆ ಆಯಿತು. ಮೈ ಜಾರುವ ಉಂಗುರದ ಸುತ್ತ ಗುಳ್ಳೆ ಬಂದರೆ ಸೀಲ್ ಕಿಟ್ ತರಿಸಬೇಕು.