ಪಾತ್ರದ ಬಾಯಲ್ಲಿ ಯಾರ ಮಾತು?

ಮದುವೆಯೇ ಆಗದವರು ಸಂಸಾರದ ಸುಖ-ದುಃಖದ ಬಗ್ಗೆ ಹಾಡು ಬರೆಯೋಕೆ ಆಗುತ್ತಾ? ಬರೆದವರಿದ್ದಾರೆ. ಹೆಸರು ಸ್ಟೀಫನ್ ಸಾಂಡ್‌ಹೈಮ್. ಅಮೆರಿಕದ ಬ್ರಾಡ್‌ವೇ ಸಂಗೀತ ನಾಟಕಗಳ ಲೋಕದಲ್ಲಿ ಬಹಳ ದೊಡ್ಡ ಹೆಸರು.

1970ರಲ್ಲಿ ಬಂದ ಅವರ 'ಕಂಪನಿ' ನಾಟಕದಲ್ಲಿ ಐದು ಜೋಡಿಗಳಿವೆ. ಆಗ ಸಾಂಡ್‌ಹೈಮ್‌ಗೆ 40 ವರ್ಷ, ಇನ್ನೂ ಅವಿವಾಹಿತ. ಏನು ಮಾಡಿದರು ಗೊತ್ತಾ? ಎರಡು ಮದುವೆ ಕಂಡಿದ್ದ ಗೆಳತಿ, ಸಂಗೀತ ಸಂಯೋಜಕಿ ಮೇರಿ ರಾಡ್ಜರ್ಸ್ ಅವರ ಎದುರು ಕೂತರು. ಕೇಳಿದರು. ಹೇಳಿದ್ದನ್ನೆಲ್ಲ ಬರೆದುಕೊಂಡರು. ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋದೇ ಇಲ್ಲಿ ಮೊದಲ ಹೆಜ್ಜೆ.

ಆದರೆ ವಿಷಯ ತಿಳಿದರಷ್ಟೇ ಸಾಲದು. ಪಾತ್ರ ಆಡುವ ಮಾತು ಪಾತ್ರದ್ದೇ ಆಗಿರಬೇಕು. ಈ ಪಾಠವನ್ನು ಸಾಂಡ್‌ಹೈಮ್ ಅದಕ್ಕೂ ಮೊದಲೇ, ಎಡವಿ ಬಿದ್ದು ಕಲಿತಿದ್ದರು. 1957ರ 'ವೆಸ್ಟ್ ಸೈಡ್ ಸ್ಟೋರಿ'ಗೆ ಹಾಡು ಬರೆದಾಗ ಅವರಿಗೆ 27 ವರ್ಷ. ನಾಯಕಿ ಮಾರಿಯಾ, ಪೋರ್ಟೊರಿಕೊದಿಂದ ನ್ಯೂಯಾರ್ಕ್‌ಗೆ ಆಗಷ್ಟೇ ಬಂದ ಬಡ ಹುಡುಗಿ. ಅವಳು ಹಾಡುವ 'ಐ ಫೀಲ್ ಪ್ರೆಟಿ'ಯಲ್ಲಿ ಮಾತ್ರ ಪ್ರಾಸದೊಳಗೆ ಪ್ರಾಸ, ಭಾರೀ ಚಮತ್ಕಾರ! ಇಷ್ಟು ನಾಜೂಕಿನ ಇಂಗ್ಲಿಷ್ ಅವಳಿಗೆ ಎಲ್ಲಿಂದ ಬಂತು? ಈ ತಪ್ಪನ್ನು ತೋರಿಸಿಕೊಟ್ಟವರು ಇನ್ನೊಬ್ಬ ಗೀತರಚನೆಕಾರ ಶೆಲ್ಡನ್ ಹಾರ್ನಿಕ್. ಸಾಂಡ್‌ಹೈಮ್ ಸಿಟ್ಟಾಗಲಿಲ್ಲ, ಸರಳ ಮಾಡಿ ಮತ್ತೆ ಬರೆದರು. ಆದ್ರೆ ಜೊತೆಗಾರರು ಒಪ್ಪಲಿಲ್ಲ. ಹಳೆಯ ಹಾಡೇ ಉಳಿಯಿತು, ಜನಪ್ರಿಯವೂ ಆಯ್ತು. ಚಪ್ಪಾಳೆ ಬಿತ್ತು ನಿಜ. ಬರೆದವರಿಗೆ ಮಾತ್ರ ಆ ಹಾಡಿನ ಬಗ್ಗೆ ಮುಜುಗರ ಕೊನೆಗೂ ಹೋಗಲಿಲ್ಲ. ಯಾಕಂದ್ರೆ ಅಲ್ಲಿ ಕೇಳಿಸುತ್ತಿದ್ದದ್ದು ಮಾರಿಯಾ ಅಲ್ಲ, ಸಾಂಡ್‌ಹೈಮ್.

ಮುಂದೆ 1979ರಲ್ಲಿ ಅವರದೇ 'ಸ್ವೀನಿ ಟಾಡ್' ಬಂತು. ನಾಯಕ ಲಂಡನ್ನಿನ ಕ್ಷೌರಿಕ, ಕ್ಷೌರದ ಕತ್ತಿಯಿಂದಲೇ ಕತ್ತು ಸೀಳುವ ಕೊಲೆಗಾರ. ಆದರೂ ಅವನ ಸಂಕಟ ನಮಗೆ ತಟ್ಟುತ್ತೆ. ನ್ಯಾಯಾಧೀಶನೊಬ್ಬನ ದುರಾಸೆಗೆ ಹೆಂಡತಿ-ಮಗಳನ್ನು ಕಳೆದುಕೊಂಡವನು ಆತ. ಕೊಲೆ ನಮಗೆ ಗೊತ್ತಿಲ್ಲ. ಕಳೆದುಕೊಳ್ಳೋದು ಗೊತ್ತು. ನಟ ಪಾತ್ರದೊಳಗೆ ಇಳಿಯುವ ಹಾಗೆ ಬರಹಗಾರನೂ ಇಳಿಯಬೇಕು. ಅವನಿಗೆ ಏನು ಬೇಕು, ಏನು ತಪ್ಪಿಹೋಯ್ತು, ಅದನ್ನು ಹೇಳೋಕೆ ಅವನ ಹತ್ತಿರ ಎಂಥ ಮಾತುಗಳಿವೆ ಅಂತ ಹುಡುಕಬೇಕು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ನ್ಯೂಸ್ ರೂಮ್ ನೆನಪಾಯ್ತು. ಅಳುತ್ತಿರುವವರ ಸುದ್ದಿಗೂ ಪ್ರಾಸದ ಹೆಡ್‌ಲೈನ್ ಹುಡುಕುವವರು ನಾವು. ಆ ಪ್ರಾಸ ಯಾರದ್ದು? ಅಳುವವರದ್ದಂತೂ ಅಲ್ಲ.