ಕೆರೆಯೊಂದರ ಜಮಾಖರ್ಚು

ಬೆಕ್ಕು ಇಲಿಯನ್ನು ತಿನ್ನುತ್ತದೆ, ಇಲಿ ಕಾಳನ್ನು ತಿನ್ನುತ್ತದೆ, ಕಾಳು ಬಿಸಿಲುಂಡು ಬೆಳೆದದ್ದು. ಇದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಬಿಸಿಲಿನಲ್ಲಿ ಬಂದ ಶಕ್ತಿ ಎಷ್ಟು, ಅದರಲ್ಲಿ ಕಾಳಿಗೆ ಸೇರಿದ್ದೆಷ್ಟು, ಬೆಕ್ಕಿನವರೆಗೆ ತಲುಪಿದ್ದೆಷ್ಟು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಒಂದು ಇಡೀ ಕೆರೆಗೆ ಇಂತಹ ಲೆಕ್ಕವನ್ನು ಬರೆದಿಟ್ಟು ಹೆಸರಾದವನು ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ. ಕಚೇರಿಯ ಲೆಕ್ಕಪುಸ್ತಕಗಳ ನಡುವೆಯೇ ಹೊತ್ತು ಕಳೆಯುವ ನನ್ನಂತಹ ಗುಮಾಸ್ತನಿಗೆ ಆ ಲೆಕ್ಕ ಬಹಳ ಹಿಡಿಸಿತು. ಅದನ್ನು ವಾಚಕರ ಮುಂದಿಡುವ ಆಸೆಯಾಗಿದೆ.

ಆತ ಹುಟ್ಟಿದ್ದು 1915ರಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟಿಗೆ ಓದುವಾಗ ಆರಿಸಿಕೊಂಡದ್ದು ಸೀಡರ್ ಬಾಗ್ ಎಂಬ ಸರೋವರವನ್ನು. ಸರೋವರವೆಂಬುದು ಹೆಸರಿಗೆ ಮಾತ್ರ. ಆಳ ಒಂದು ಮೀಟರಿನಷ್ಟು, ಸುತ್ತಲೂ ಜೌಗು. ಹಲವು ವರ್ಷ ಆತ ಅದರ ನೀರನ್ನೂ ಕೆಸರನ್ನೂ ಸೋಸಿ, ಕಣ್ಣಿಗೆ ಕಾಣದ ಪಾಚಿಯಿಂದ ಹಿಡಿದು ಬೇಟೆಯಾಡುವ ನೀರುಹುಳುಗಳ ತನಕ ಯಾವುದು ಎಷ್ಟಿದೆಯೆಂದು ತೂಗಿದ. ಮಡದಿ ಎಲೆನರ್ ಕೂಡ ಜೊತೆಯಲ್ಲಿ ನಿಂತು ದುಡಿದಳು. ತೂಕವನ್ನೆಲ್ಲ ಕೊನೆಗೆ ಕ್ಯಾಲೊರಿಗಳಿಗೆ ಇಳಿಸಿದ. ಜಾಣತನವಿರುವುದು ಇಲ್ಲಿ. ಪಾಚಿಯನ್ನೂ ಹುಳುವನ್ನೂ ಒಂದೇ ನಾಣ್ಯದಲ್ಲಿ ಎಣಿಸಿದರೆ ತಾನೆ ಖಾತೆಗಳು ಕೂಡುವುದು!

ಇನ್ನು ಜಮೆಯನ್ನು ನೋಡೋಣ. ಒಂದು ಚದರ ಸೆಂಟಿಮೀಟರು, ಎಂದರೆ ಉಗುರಿನಷ್ಟು ಜಾಗದ ಮೇಲೆ, ವರ್ಷಕ್ಕೆ ಬೀಳುವ ಬಿಸಿಲು 1,18,872 ಕ್ಯಾಲೊರಿ. (ಇದು ವೈದ್ಯರು ಊಟದ ವಿಷಯದಲ್ಲಿ ಹೇಳುವ ಕ್ಯಾಲೊರಿಯಲ್ಲ, ಅದರ ಸಾವಿರದಲ್ಲೊಂದು ಪಾಲು.) ಪಾಚಿ ಮತ್ತು ನೀರುಗಿಡಗಳು ಹಿಡಿದಿಟ್ಟದ್ದು 111.3 ಮಾತ್ರ. ಸಾವಿರಕ್ಕೆ ಒಂದೂ ಬೀಳಲಿಲ್ಲ! ಅದರಲ್ಲಿಯೂ 23.4 ಆ ಗಿಡಗಳ ಸ್ವಂತ ಉಸಿರಾಟಕ್ಕೇ ವೆಚ್ಚವಾಯಿತು. ಗಿಡ ತಿನ್ನುವ ಪ್ರಾಣಿಗಳಿಗೆ ಸಂದದ್ದು 14.8. ಆ ಪ್ರಾಣಿಗಳನ್ನು ಹಿಡಿದು ತಿನ್ನುವವಕ್ಕೆ 3.1.

ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ ಇದು ಹೊಸದೇನಲ್ಲ. ಬಾಡಿಗೆ, ರೈಲಿನ ಪಾಸು, ಮಕ್ಕಳ ಫೀ ಕಳೆದು ಊರಿಗೆ ಕಳಿಸಲು ಉಳಿಯುವುದೆಷ್ಟೆಂದು ಯಾವ ಗೃಹಿಣಿಯನ್ನಾದರೂ ಕೇಳಿ. ಆದರೆ ಒಂದು ಭೇದವುಂಟು. ಬಾಡಿಗೆಗೆ ಕೊಟ್ಟ ರೂಪಾಯಿ ಹತ್ತು ಕೈ ಸುತ್ತಿ ಎಂದಾದರೂ ನಮ್ಮಲ್ಲಿಗೇ ಮರಳಿ ಬಂದೀತು. ಉಸಿರಾಟದಲ್ಲಿ ಶಾಖವಾಗಿ ಹೋದ ಶಕ್ತಿ ಮತ್ತೆ ಯಾವ ಜೀವಿಯ ಹೊಟ್ಟೆಗೂ ಬಾರದು. ಸತ್ತ ಪಾಚಿಯ ಸಾರಜನಕ, ರಂಜಕಗಳು ಕೊಳೆತು ಪುನಃ ಗಿಡಕ್ಕೆ ಏರುತ್ತವೆ. ಶಕ್ತಿಗೆ ಮಾತ್ರ ಹೋಗುವ ದಾರಿಯೊಂದೇ, ಬರುವ ದಾರಿಯಿಲ್ಲ. ದಿನದಿನವೂ ಸೂರ್ಯನೇ ಹೊಸದಾಗಿ ಕೊಡಬೇಕು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಸೊಗಸೆನಿಸಿತು. ನಿಂತಲ್ಲೇ ನಿಂತ ಗಿಡ ತನ್ನ ಗಳಿಕೆಯಲ್ಲಿ ನೂರಕ್ಕೆ 21ರಷ್ಟನ್ನು ಉಸಿರಾಟಕ್ಕೆ ಕಳೆದರೆ, ಅದನ್ನು ಮೇಯುವ ಪ್ರಾಣಿ ಸುಮಾರು 30ನ್ನು, ಬೇಟೆಯಾಡುವ ಪ್ರಾಣಿ ಸುಮಾರು 60ನ್ನು ಕಳೆಯುತ್ತದೆ. ಹುಡುಕಿ, ಅಟ್ಟಿ, ಹಿಡಿಯುವ ಖರ್ಚು ಸಾಮಾನ್ಯವೇ?

ಯಾರೂ ತಿನ್ನದೆ ಉಳಿದ ಗಿಡಪಾಚಿಯ ಬಾಬ್ತು 70.3. ಉಳಿತಾಯವೆಂದು ಹಿಗ್ಗುವಂತಿಲ್ಲ. ಅದು ತಳಕ್ಕಿಳಿಯುತ್ತದೆ; ಪೂರ್ತಿ ಕೊಳೆಯದ ಭಾಗ ವರ್ಷವರ್ಷವೂ ಕೆಸರಾಗಿ ಏರಿ, ಕೊನೆಗೆ ಕೆರೆಯೇ ತುಂಬಿ ಜೌಗಾಗುತ್ತದೆ. ಸೀಡರ್ ಬಾಗ್ ಆಗಲೇ ಮುಪ್ಪಡರಿದ ಕೆರೆ. ಉಳಿತಾಯದಿಂದಲೇ ಮುಳುಗುವ ಇಂತಹ ಸಂಸಾರವನ್ನು ನಾನು ಬೇರೆಲ್ಲಿಯೂ ಕಾಣೆ.

ಮುಂದೆ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋದ ಲಿಂಡೆಮನ್, ಈ ಲೆಕ್ಕವನ್ನೂ ಅದರ ಹಿಂದಿನ ತತ್ತ್ವವನ್ನೂ ಬರೆದು 'ಇಕಾಲಜಿ' ಪತ್ರಿಕೆಗೆ ಕಳಿಸಿದ. ಪರಿಶೀಲಿಸಿದ ಹಿರಿಯ ವಿದ್ವಾಂಸರಿಬ್ಬರು, ಇಷ್ಟು ಕಡಮೆ ಆಧಾರದ ಮೇಲೆ ಅಷ್ಟು ದೊಡ್ಡ ಸಿದ್ಧಾಂತ ಸಲ್ಲದೆಂದು ಬೇಡವೆಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಯೇಲಿನ ಗುರು ಹಚಿನ್ಸನ್ ಬಿಡಲಿಲ್ಲ. ಸಂಪಾದಕರಿಗೆ ಕಾಗದ ಬರೆದು ಶಿಷ್ಯನ ಪರವಾಗಿ ವಾದಿಸಿದರು. ಲೇಖನವು 1942ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಲಿಂಡೆಮನ್ ಅದನ್ನು ಕಾಣಲಿಲ್ಲ. ಅದೇ ವರ್ಷ ಜೂನ್ 29ರಂದು, 27 ತುಂಬುವ ಮೊದಲೇ, ಯಕೃತ್ತಿನ ಬೇನೆಯಿಂದ ತೀರಿಕೊಂಡಿದ್ದ.

ಮೆಟ್ಟಿಲಿಗೆ ಹತ್ತರಲ್ಲೊಂದು ಪಾಲು ಮೇಲೇರುತ್ತದೆಂದು ಶಾಲೆಯ ಪುಸ್ತಕಗಳಲ್ಲಿರುವುದು ಸ್ಥೂಲ ಲೆಕ್ಕ. ಅಂಕಿಗಳು ಕೆರೆಯಿಂದ ಕೆರೆಗೆ ಬೇರೆಬೇರೆ. ಆದರೂ ಮೇಲೆ ಹೋದಂತೆ ಶಕ್ತಿ ತೆಳುವಾಗುವುದು ನೆಲದ ಮೇಲೂ ನಿಜ. ನಮ್ಮ ನಾಗರಹೊಳೆಯ ಹುಲಿಗಳನ್ನು ಅಭ್ಯಸಿಸಿದ ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಪುತ್ರರು, ಹೇಳುವ ಲೆಕ್ಕವಿದು: ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂತಹ ಸುಮಾರು 50 ಪ್ರಾಣಿಗಳು ಬೇಕು, ಹಿಂಡು ಕರಗದೆ ಅಷ್ಟನ್ನು ಒದಗಿಸಲು ಕಾಡಿನಲ್ಲಿ ಸುಮಾರು 500 ಇರಬೇಕು. ಕಳ್ಳಬೇಟೆಯವರು ಜಿಂಕೆಗಳನ್ನು ಹೊಡೆದು ಖಾಲಿ ಮಾಡಿದರೆ, ಹುಲಿಗೆ ಒಂದೂ ಗುಂಡು ತಗುಲದಿದ್ದರೂ, ಅದು ಮರಿಗಳನ್ನು ಸಾಕಲಾರದು.

ರಜೆಯಲ್ಲಿ ಊರಿಗೆ ಹೋದವರು ಆ ಕಾಡನ್ನು ನೋಡಲು ಹೋಗುವುದುಂಟು. ಹುಲಿ ಕಾಣದೆ ಬರಿಯ ಜಿಂಕೆಗಳೇ ಕಂಡವೆಂದು ಮಕ್ಕಳು ಮುಖ ಸಣ್ಣಗೆ ಮಾಡಿಕೊಂಡರೆ, ಆ ಜಿಂಕೆಗಳನ್ನೇ ಎಣಿಸಲು ಹೇಳಿ.